ಹಾಯಿದೋಣಿಯಲ್ಲಿ ಕಣಜ ಗೂಡು ಕಟ್ಟದಿರಲು ಹದಿನೈದು ಸೂತ್ರಗಳು

ಅಕ್ಟೋಬರ್ ಬಂತೆಂದರೆ ಪಶ್ಚಿಮ ಕರಾವಳಿಯಲ್ಲಿ ಹಾಯಿದೋಣಿಗಳ ಹೊದಿಕೆ ಬಿಚ್ಚುವ ಕಾಲ. ಜೂನ್‌ನಿಂದ ಕಟ್ಟಿಹಾಕಿದ್ದ ದೋಣಿಯನ್ನು ತೊಳೆದು, ಹಗ್ಗ ಬದಲಿಸಿ, ನೀರಿಗಿಳಿಸಿ ಎಲ್ಲರೂ ಹುರುಪಿನಿಂದ ಹಾಯಿ ಏರಿಸುತ್ತಾರೆ. ಹಾಯಿಯ ಕೆಳ ಅಂಚು ಹಿಡಿಯುವ ಬೂಮೆಂಬ ಕೊಳವೆಯ ಬಾಯಿಂದ ಕಣಜಗಳು ಒಂದರ ಹಿಂದೊಂದು ಹೊರಗೆ ಬರುವುದೂ ಆಗಲೇ. ಮನೆಯ ಸೂರಿನಡಿ ಕಣಜ ಎದ್ದರೆ ಒಳಗೆ ಓಡಿ ಬಾಗಿಲು ಹಾಕಿಕೊಳ್ಳಬಹುದು. ನೀರಿನ ನಡುವೆ ಓಡುವುದೆಲ್ಲಿಗೆ? ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಚುಕ್ಕಾಣಿ ಹಿಡಿದವನಿಗೆ ಮುಖ ಮುಚ್ಚಿಕೊಳ್ಳಲೂ ಕೈ ಬಿಡುವಿರುವುದಿಲ್ಲ.

ಕಾರವಾರ, ಗೋವಾ, ಮುಂಬೈ ಕಡಲಿರಲಿ, ಬೆಂಗಳೂರಿನ ಹಲಸೂರು ಕೆರೆಯಿರಲಿ, ಮೈಸೂರು ಬಳಿಯ ಕೆಆರ್‌ಎಸ್ ಹಿನ್ನೀರಿರಲಿ, ದೋಣಿ ನಿಂತಲ್ಲೆಲ್ಲ ಈ ಅಪಾಯ ಇದ್ದೇ ಇದೆ. ಆದರೆ ಇದು ತಪ್ಪಿಸಬಹುದಾದ ಅಪಾಯ. ಗೂಡು ಕಟ್ಟಲು ಕಣಜ ನೋಡುವುದು ಮೂರೇ ಅನುಕೂಲ: ಮಳೆ ತಾಗದ ಮರೆ, ಒಳಹೋಗಲು ಒಂದು ಗಂಡಿ, ಯಾರೂ ಅಲುಗಿಸದ ನೆಮ್ಮದಿ. ಈ ಮೂರೂ ಒಟ್ಟಿಗೆ ಸಿಗದಂತೆ ನೋಡಿಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು. ಕಟ್ಟಿದ ಗೂಡನ್ನು ಕೀಳುವ ಸಾಹಸಕ್ಕಿಂತ ಕಟ್ಟಗೊಡದ ಜಾಣತನ ಮೇಲು. ಕೆಳಗಿನ ಹದಿನೈದು ಸೂತ್ರಗಳ ತಿರುಳು ಅಷ್ಟೇ.

1. ಬಂದವರು ಯಾರೆಂದು ಮೊದಲು ಗುರುತಿಸಿ

ಹಾರುವ ಹುಳುವೆಲ್ಲ ಒಂದೇ ಅಲ್ಲ. ದೋಣಿಗೆ ಬರುವವರು ಮುಖ್ಯವಾಗಿ ನಾಲ್ಕು ಬಗೆ.

ಮೊದಲನೆಯದು ಕಾಗದದ ಗೂಡಿನ ಕಣಜ. ಸಣ್ಣ ಸೊಂಟ, ಉದ್ದ ಕಾಲು, ಹೆಚ್ಚಾಗಿ ಕೆಂಗಂದು ಬಣ್ಣ. ತೆಳು ತೊಟ್ಟಿನಿಂದ ತೂಗುವ ಗೂಡಿನಲ್ಲಿ ಆರು ಮೂಲೆಯ ಕೋಣೆಗಳು ತೆರೆದೇ ಕಾಣುತ್ತವೆ. ಇವು ಕೂಡಿ ಬಾಳುತ್ತವೆ, ಗೂಡಿನ ತಂಟೆಗೆ ಹೋದರೆ ಕೂಡಿಯೇ ಎರಗುತ್ತವೆ.

ಎರಡನೆಯದು ಮಣ್ಣಿನ ಗೂಡು ಕಟ್ಟುವ ಕಣಜ. ಇದು ಒಂಟಿ ಜೀವ. ಗೂಡು ಕಾಯುತ್ತ ಕೂರುವುದಿಲ್ಲ, ಕೈಯಲ್ಲಿ ಹಿಡಿದು ಅದುಮದ ಹೊರತು ಸಾಮಾನ್ಯವಾಗಿ ಕುಟುಕುವುದಿಲ್ಲ. ಆದರೆ ಕೊಳವೆಗಳ ಬಾಯಿಗೆ ಮಣ್ಣು ಮೆತ್ತುವುದು ಇದೇ. ದೋಣಿಗೆ ನಿಜವಾದ ಹಾನಿ ಇದರಿಂದ.

ಮೂರನೆಯದು ಹೊಟ್ಟೆಯ ಮೇಲೆ ಅಗಲ ಹಳದಿ ಪಟ್ಟೆಯಿರುವ ದೊಡ್ಡ ಕಣಜ. ಇದರ ಗೂಡಿಗೆ ಹೊರಗಿನಿಂದ ಕಾಗದದಂಥ ಹೊದಿಕೆಯಿರುತ್ತದೆ. ಇದರ ಹತ್ತಿರವೂ ಸುಳಿಯಬಾರದು.

ನಾಲ್ಕನೆಯದು ಜೇನು. ಹಾಯಿಕಂಬಕ್ಕೆ ಜೇನುಹಿಂಡು ಬಂದು ಜೋತುಬಿದ್ದರೆ ಅದು ದಾರಿಯಲ್ಲಿ ದಣಿವಾರಿಸಿಕೊಳ್ಳುತ್ತಿರಬಹುದು. ಒಂದೆರಡು ದಿನ ಕಾದು ನೋಡಿ. ಹೋಗದಿದ್ದರೆ ಜೇನು ಸಾಕುವವರನ್ನು ಕರೆಯಿರಿ, ಕೊಲ್ಲಬೇಡಿ.

2. ನಮ್ಮಲ್ಲಿ ಕಣಜಕ್ಕೆ ರಜೆಯಿಲ್ಲವೆಂದು ತಿಳಿಯಿರಿ

ಯುರೋಪ್, ಅಮೆರಿಕದ ದೋಣಿ ಪುಸ್ತಕಗಳು ವಸಂತದಲ್ಲಿ ಎಚ್ಚರವಾಗಿರಿ ಎನ್ನುತ್ತವೆ. ಅಲ್ಲಿನ ಚಳಿಗೆ ಹಳೆಯ ಗೂಡು ಸಾಯುತ್ತದೆ, ಬದುಕುಳಿದ ರಾಣಿಗಳು ವಸಂತದಲ್ಲಿ ಹೊಸದಾಗಿ ಶುರುಮಾಡುತ್ತವೆ. ಆ ಮಾತು ನಮ್ಮ ನೆಲಕ್ಕೆ ಹೊಂದುವುದಿಲ್ಲ.

ದಕ್ಷಿಣ ಭಾರತದಲ್ಲಿ ಎಲ್ಲೆಡೆ ಕಾಣುವ ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಕಾಗದದ ಕಣಜವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ದಶಕಗಳ ಕಾಲ ಅಭ್ಯಸಿಸಿದ್ದಾರೆ. 2001ರಲ್ಲಿ ಬಂದ ಅವರ ಗ್ರಂಥ ಈ ಒಂದೇ ಕಣಜದ ಸಾಮಾಜಿಕ ಬದುಕನ್ನು ಕುರಿತದ್ದು. ಈ ಕಣಜ ವರ್ಷದ ಯಾವ ತಿಂಗಳಲ್ಲಾದರೂ ಹೊಸ ಗೂಡು ಹೂಡಬಲ್ಲದು. ಒಂಟಿಯಾಗಿಯೂ ಶುರುಮಾಡುತ್ತದೆ, ನಾಲ್ಕಾರು ಹೆಣ್ಣುಗಳು ಸೇರಿಯೂ ಶುರುಮಾಡುತ್ತವೆ.

ಇನ್ನೊಂದು ಸಂಗತಿ ದೋಣಿಯವರಿಗೆ ಬಹಳ ಮುಖ್ಯ. ಈ ಕಣಜದ ರಾಣಿ ಇಲ್ಲವಾದರೆ ಗೂಡು ಚದುರುವುದಿಲ್ಲ. ಕೆಲಸಗಾರ ಹೆಣ್ಣುಗಳಲ್ಲೊಂದು ಆ ಸ್ಥಾನಕ್ಕೆ ಬಂದು ಕೆಲವೇ ದಿನಗಳಲ್ಲಿ ಮೊಟ್ಟೆಯಿಡತೊಡಗುತ್ತದೆ. ಹಾಗಾಗಿ ಕಂಡ ನಾಲ್ಕು ಕಣಜ ಹೊಡೆದುಹಾಕಿ ಕೆಲಸವಾಯಿತೆಂದು ಕೂರಬೇಡಿ. ಗೂಡೇ ಹೋಗಬೇಕು, ಅದಕ್ಕಿಂತ ಮೊದಲು ಗೂಡೇ ಆಗಬಾರದು.

3. ವಾರಕ್ಕೊಮ್ಮೆ ದೋಣಿಯನ್ನು ಮುಟ್ಟಿ

ಎಲ್ಲ ಸೂತ್ರಗಳಲ್ಲಿ ಇದು ದೊಡ್ಡದು. ಕಾಗದದ ಕಣಜ ಮೊದಲ ದಿನ ಒಂದು ತೊಟ್ಟು, ಒಂದೆರಡು ಕೋಣೆ ಕಟ್ಟುತ್ತದೆ. ಇಟ್ಟ ಮೊಟ್ಟೆ ಹುಳುವಾಗಿ, ಕೋಶವಾಗಿ, ರೆಕ್ಕೆ ಬಲಿತು ಹೊರಬರಲು ಒಂದರಿಂದ ಎರಡು ತಿಂಗಳು ಬೇಕು. ಅಲ್ಲಿಯವರೆಗೆ ಗೂಡಿನಲ್ಲಿರುವುದು ಶುರುಮಾಡಿದ ಕೆಲವೇ ಹೆಣ್ಣುಗಳು. ವಾರಕ್ಕೊಮ್ಮೆ ನೋಡುವವರ ಕಣ್ಣಿಗೆ ಬೀಳುವುದು ರೂಪಾಯಿ ನಾಣ್ಯದಷ್ಟು ಗೂಡು. ಮಳೆಗಾಲ ಪೂರ್ತಿ ನೋಡದವರಿಗೆ ಸಿಗುವುದು ತುಂಬಿದ ಸಂಸಾರ.

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. 61 ದಿನ ಬಂದರಿನಲ್ಲಿ ಸಾಲುಗಟ್ಟಿ ನಿಲ್ಲುವ ಮೀನುಗಾರಿಕೆ ದೋಣಿಗಳಿಗೂ ಇದೇ ಮಾತು ಅನ್ವಯ. ಒಂದು ಗೂಡು ಬಲಿಯಲು ಅಷ್ಟು ದಿನ ಧಾರಾಳ ಸಾಕು.

ಪ್ರತಿ ಭೇಟಿಯಲ್ಲಿ ಹತ್ತು ನಿಮಿಷ ಕೊಡಿ. ಹಗ್ಗಗಳನ್ನು ಒಂದೊಂದಾಗಿ ಹಿಂದೆ ಮುಂದೆ ಎಳೆಯಿರಿ, ಲಾಕರ್‌ಗಳ ಬಾಗಿಲು ತೆರೆದು ಮುಚ್ಚಿ, ಹೊದಿಕೆ ಕೊಡವಿ. ನಿಮಗೆ ಬಿಡುವಿಲ್ಲದಿದ್ದರೆ ದೋಣಿ ಕಾಯುವವರಿಗೆ ಈ ಪಟ್ಟಿ ಬರೆದುಕೊಡಿ.

4. ಹತ್ತುವ ಮೊದಲು ದೂರ ನಿಂತು ನೋಡಿ

ಬಿಸಿಲೇರಿದ ಮೇಲೆ ಕಣಜಗಳ ಓಡಾಟ ಜೋರು. ಜೆಟ್ಟಿಯ ಮೇಲೆ ನಾಲ್ಕಾರು ಹೆಜ್ಜೆ ದೂರ ನಿಂತು ದೋಣಿಯನ್ನು ಹತ್ತು ನಿಮಿಷ ಸುಮ್ಮನೆ ಗಮನಿಸಿ. ಒಂದೇ ಗಂಡಿಗೆ ಮತ್ತೆ ಮತ್ತೆ ಹುಳು ಹೋಗಿ ಬರುತ್ತಿದ್ದರೆ ಒಳಗೆ ಗೂಡಿದೆ ಎಂದೇ ಅರ್ಥ. ಬಾಯಲ್ಲಿ ಮಣ್ಣಿನುಂಡೆ ಕಚ್ಚಿ ಬರುವುದು ಕಂಡರೆ ಅದು ಯಾವ ಕೊಳವೆಗೆ ಹೋಗುತ್ತದೆಂದು ನೋಡಿಟ್ಟುಕೊಳ್ಳಿ. ಗಂಡಿಯೊಳಗೆ ಕಣ್ಣಿಟ್ಟು ಇಣುಕುವ ಅಭ್ಯಾಸವನ್ನು ಮಾತ್ರ ಬಿಟ್ಟುಬಿಡಿ.

5. ಬೂಮಿನ ಎರಡೂ ಬಾಯಿ ಭದ್ರಪಡಿಸಿ

ಹಾಯಿಯ ಕೆಳ ಅಂಚನ್ನು ಹಿಡಿದಿಡುವ ಬೂಮು ಒಳಗೆ ಪೊಳ್ಳಾದ ಅಲ್ಯೂಮಿನಿಯಂ ಕೊಳವೆ. ಕಣಜಕ್ಕೆ ಇದಕ್ಕಿಂತ ಒಳ್ಳೆಯ ಮನೆ ದೋಣಿಯಲ್ಲಿ ಬೇರೆ ಇಲ್ಲ. ಹಿಂತುದಿಯನ್ನು ಹತ್ತಿರದಿಂದ ನೋಡಿ. ಹಾಯಿ ಬಿಗಿಯುವ ಹಗ್ಗ, ಹಾಯಿ ಕಿರಿದುಗೊಳಿಸುವ ಹಗ್ಗ ಎಲ್ಲ ಅಲ್ಲಿನ ಪುಟ್ಟ ರಾಟೆಗಳ ಮೇಲಿಂದ ಒಳಗೆ ಹೋಗುತ್ತವೆ. ರಾಟೆಯ ಎರಡೂ ಪಕ್ಕ ಬೆರಳು ತೂರುವಷ್ಟು ಸಂದಿ. ಆ ಸಂದಿಯಿಂದ ಒಂದು ಗೇಣು ಒಳಗೆ, ಮೇಲ್ಭಾಗದ ಲೋಹಕ್ಕೆ ಅಂಟಿದಂತೆ, ತೊಟ್ಟು ಇಳಿಬಿಟ್ಟಿರುತ್ತದೆ. ಹೊರಗೆ ನಿಂತವರಿಗೆ ಏನೂ ಕಾಣದು. ಹಗ್ಗ ಎಳೆದ ಗಳಿಗೆಯಲ್ಲಿ ಅದು ಗೂಡನ್ನು ಉಜ್ಜಿಕೊಂಡು ಹೋಗುತ್ತದೆ, ಹುಳುಗಳು ಸಿಟ್ಟಿಗೇಳುತ್ತವೆ.

ಉಪಾಯ ಸರಳ. ನೀರು ಹೀರದ ಗಟ್ಟಿ ಫೋಮನ್ನು ಬಾಯಿಯ ಅಳತೆಗೆ ಕತ್ತರಿಸಿ, ಹಗ್ಗಗಳಿಗೆ ಸೀಳು ಬಿಟ್ಟು, ಎರಡೂ ತುದಿಗೆ ತುರುಕಿ. ಅಥವಾ ಸೊಳ್ಳೆಪರದೆಯ ಬಟ್ಟೆಯಲ್ಲಿ ಚೀಲ ಹೊಲಿದು ತುದಿಗೆ ತೊಡಿಸಿ ದಾರದಿಂದ ಬಿಗಿಯಿರಿ. ಸ್ಪಂಜು ಬೇಡ, ಅದು ಉಪ್ಪುನೀರು ಹಿಡಿದಿಟ್ಟು ಲೋಹ ತಿನ್ನಿಸುತ್ತದೆ. ಪಾತ್ರೆ ತಿಕ್ಕುವ ಕಬ್ಬಿಣದ ನಾರು ಖಂಡಿತ ಬೇಡ, ತುಕ್ಕು ಹಿಡಿಯುವುದಲ್ಲದೆ ಅಲ್ಯೂಮಿನಿಯಮ್ಮನ್ನೂ ಸವೆಸುತ್ತದೆ. ಬೂಮಿನ ತಳದಲ್ಲಿ ನೀರಿಳಿಯುವ ರಂಧ್ರವಿದ್ದರೆ ಅದನ್ನು ಮುಚ್ಚದೆ ಜಾಲರಿ ಕಟ್ಟಿ.

ತಿಂಗಳುಗಟ್ಟಲೆ ನಿಂತ ದೋಣಿಯಾದರೆ ಮೊದಲ ಸಲ ಹಾಯಿ ಏರಿಸುವ ಕೆಲಸ ಜೆಟ್ಟಿಗೆ ಕಟ್ಟಿದ್ದಾಗಲೇ ಆಗಲಿ. ಬೂಮಿನ ಹಗ್ಗಗಳನ್ನು ದೂರದಿಂದ ಎಳೆದು ನೋಡಿ, ಕೋಲಿನಿಂದ ಎರಡು ಸಲ ತಟ್ಟಿ. ಹುಳು ಎದ್ದರೆ ನೆಲದ ಮೇಲೆ ಓಡಲು ಜಾಗವಿರುತ್ತದೆ.

6. ಹಾಯಿಕಂಬದ ಬುಡ ಮರೆಯಬೇಡಿ

ಕಂಬವೂ ಪೊಳ್ಳು. ಹಾಯಿ ಏರಿಸುವ ಹಗ್ಗಗಳು ಹೊರಬರುವ ಸೀಳುಗಳು ಎದೆಯೆತ್ತರದಲ್ಲಿರುತ್ತವೆ, ಬುಡದಲ್ಲಿ ನೀರು ಹರಿಯುವ ರಂಧ್ರವಿರುತ್ತದೆ. ಸೀಳಿಗೆ ಬಟ್ಟೆಯ ಪಟ್ಟಿ ಸುತ್ತಿ, ಬುಡದ ರಂಧ್ರಕ್ಕೆ ಜಾಲರಿ ಹಾಕಿ. ನೆಲದ ಮೇಲೆ ಮಲಗಿಸಿಟ್ಟ ಕಂಬದ ಎರಡೂ ತುದಿಗೆ ಪರದೆ ಬಟ್ಟೆ ಕಟ್ಟಿದರೆ ಸಾಕು.

ಆಪ್ಟಿಮಿಸ್ಟ್, ಲೇಸರ್‌ನಂಥ ಪುಟ್ಟ ದೋಣಿಗಳಲ್ಲಿ ಕಂಬ, ಬೂಮು ಎರಡನ್ನೂ ಬಿಚ್ಚಿ ಕೋಣೆಯೊಳಗೆ ಇಡಬಹುದು. ಅದೇ ಎಲ್ಲಕ್ಕಿಂತ ಒಳ್ಳೆಯದು. ಇಂಥ ದೋಣಿಗಳನ್ನು ದಡದಲ್ಲಿ ಬೋರಲು ಹಾಕುವ ಪದ್ಧತಿಯಿದೆ. ಬೋರಲು ಹಾಕಿದ ದೋಣಿಯ ಒಳಮೈ ಕಣಜಕ್ಕೆ ಹೇಳಿ ಮಾಡಿಸಿದ ಸೂರು. ಮಕ್ಕಳು ಅಂಚಿಗೆ ಕೈ ಹಾಕಿ ಎತ್ತುವ ಮೊದಲು ದೊಡ್ಡವರೊಬ್ಬರು ಉದ್ದ ಕೋಲಿನಿಂದ ತಟ್ಟಿ, ಬಗ್ಗಿ ನೋಡಲಿ. ಮಕ್ಕಳಿಗೆ ಹಾಯಿ ಕಲಿಸುವ ಪ್ರತಿ ಕ್ಲಬ್ಬಿನಲ್ಲೂ ಇದು ಕಡ್ಡಾಯ ನಿಯಮವಾಗಬೇಕು.

7. ಮಡಿಕೆಗಳಲ್ಲಿ ಮರೆ ಉಳಿಸಬೇಡಿ

ಬೂಮಿನ ಮೇಲೆ ಸಡಿಲವಾಗಿ ಮಡಿಸಿಟ್ಟ ಹಾಯಿ, ಅದರ ಮೇಲಿನ ಜೋಲುಬಿದ್ದ ಹೊದಿಕೆ, ಕಾಕ್‌ಪಿಟ್ ಮೇಲಿನ ಬಟ್ಟೆಯ ಚಾವಣಿ, ಆ ಚಾವಣಿಯ ಚೌಕಟ್ಟಿನ ಕೊಳವೆ ತುದಿಗಳು, ಬೆಂಚಿನ ಅಡಿ ಎಲ್ಲವೂ ಕಣಜಕ್ಕೆ ಬೇಕಾದ ಮರೆಗಳೇ. ದೀರ್ಘಕಾಲ ದೋಣಿ ನಿಲ್ಲಿಸುವುದಿದ್ದರೆ ಹಾಯಿ ಬಿಚ್ಚಿ, ಸಿಹಿನೀರಲ್ಲಿ ತೊಳೆದು, ಒಣಗಿಸಿ ಮನೆಗೆ ಒಯ್ಯಿರಿ. ಹೊದಿಕೆಯನ್ನು ಕೆಳಗಡೆಯೂ ಗುಂಡಿ ಹಾಕಿ ಬಿಗಿಯಿರಿ. ಚೌಕಟ್ಟಿನ ಕೊಳವೆ ತುದಿಗೆ ಕುರ್ಚಿಯ ಕಾಲಿಗೆ ಹಾಕುವ ರಬ್ಬರ್ ಟೋಪಿ ಸರಿಹೊಂದುತ್ತದೆ.

8. ಉಸಿರಾಡುವ ಗಂಡಿಗೆ ಜಾಲರಿ ಹಾಕಿ

ಕ್ಯಾಬಿನ್ನಿಗೆ ಗಾಳಿ ಬೇಕು. ಎಲ್ಲ ಬಿಗಿದು ಮುಚ್ಚಿದರೆ ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿದು ಹಾಸಿಗೆ, ಮರ, ವೈರು ಎಲ್ಲ ಹಾಳು. ಹಾಗಾಗಿ ಗಾಳಿ ಹಾಯುವ ಗಂಡಿಗಳಿಗೆ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಹಾಕಿ.

ಜಾಲರಿಯ ಕಣ್ಣು ಎಷ್ಟು ಸಣ್ಣದಿರಬೇಕು? ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಣಜಗಳ ಅಧ್ಯಯನಕ್ಕೆಂದೇ ಜಾಲರಿಯ ಕೋಣೆ ಕಟ್ಟಿದ್ದಾರೆ. ಕಾಗದದ ಕಣಜ ಹೊರಗೆ ಹಾರಿ ಆಹಾರ ತರುವಷ್ಟು, ಅದರ ಗೂಡಿಗೆ ದಾಳಿಯಿಡುವ ದೊಡ್ಡ ಕಣಜ ಮಾತ್ರ ಒಳಬರಲಾಗದಷ್ಟು ಅಳತೆಯ ಕಣ್ಣು ಆ ಜಾಲರಿಗಿದೆ. ನಮಗೆ ಕಲಿಯಬೇಕಾದ ಪಾಠ ಇಲ್ಲಿದೆ. ಜಾಲರಿ ಇದ್ದ ಮಾತ್ರಕ್ಕೆ ಸಣ್ಣ ಕಣಜ ನಿಲ್ಲುವುದಿಲ್ಲ. ಕೋಳಿಗೂಡಿನ ಜಾಲರಿಯಾಗಲಿ, ಇಲಿ ತಡೆಯುವ ಜಾಲರಿಯಾಗಲಿ ದೋಣಿಗೆ ಸಾಲದು. ಕಣ್ಣು ಎರಡು ಮಿಲಿಮೀಟರಿನ ಆಸುಪಾಸು ಇರಲಿ. ತೀರ ಸಣ್ಣದಾದರೆ ಉಪ್ಪು ಕಟ್ಟಿ ಗಾಳಿ ನಿಲ್ಲುತ್ತದೆ, ಅದಕ್ಕೇ ತಿಂಗಳಿಗೊಮ್ಮೆ ಸಿಹಿನೀರಿನಿಂದ ತೊಳೆಯಿರಿ.

9. ಮುಚ್ಚಬಾರದ ರಂಧ್ರಗಳನ್ನು ಗುರುತುಮಾಡಿ

ಕಣಜದ ಭಯಕ್ಕೆ ಕಂಡ ರಂಧ್ರವನ್ನೆಲ್ಲ ಟೇಪು ಸುತ್ತುವವರಿದ್ದಾರೆ. ಇದು ಕಣಜಕ್ಕಿಂತ ಅಪಾಯಕಾರಿ.

ಅಡುಗೆ ಗ್ಯಾಸ್ ಸಿಲಿಂಡರ್ ಇಡುವ ಲಾಕರಿನ ತಳದಲ್ಲಿ ಹೊರಕ್ಕೆ ತೆರೆಯುವ ಕೊಳವೆಯಿರುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದ್ದು ಆ ಕೊಳವೆಯಿಂದ ಹೊರಗೆ ಇಳಿದುಹೋಗಬೇಕು. ನಿಮ್ಮ ಟೇಪಾಗಲಿ, ಕಣಜದ ಮಣ್ಣಾಗಲಿ ಅದನ್ನು ಮುಚ್ಚಿದರೆ ಅನಿಲ ದೋಣಿಯ ತಳದಲ್ಲಿ ಸೇರಿಕೊಂಡು ಒಂದು ಕಿಡಿಗೆ ಕಾಯುತ್ತದೆ. ದೋಣಿಯ ತಳದ ನೀರು ಹೊರಹಾಕುವ ಪಂಪಿನ ಕೊಳವೆ ಮುಚ್ಚಿದರೆ ಪಂಪು ಓಡುತ್ತದೆ, ನೀರು ಹೊರಹೋಗುವುದಿಲ್ಲ. ಮಳೆಗಾಲದಲ್ಲಿ ನಿಂತಲ್ಲೇ ದೋಣಿ ಮುಳುಗಲು ಇಷ್ಟು ಸಾಕು. ಡೀಸೆಲ್ ಟ್ಯಾಂಕಿನ ಗಾಳಿಕೊಳವೆ ಕಟ್ಟಿದರೆ ಟ್ಯಾಂಕಿಗೆ ಗಾಳಿ ಬಾರದೆ ಎಂಜಿನ್ ದಾರಿಯಲ್ಲಿ ನಿಲ್ಲುತ್ತದೆ.

ಇವುಗಳನ್ನು ಮುಚ್ಚದೆ ಕಾಯಿರಿ. ಗ್ಯಾಸ್ ಲಾಕರಿನ ಕೊಳವೆ, ಟ್ಯಾಂಕಿನ ಗಾಳಿಕೊಳವೆಗಳಿಗೆ ತೆಗೆದು ತೊಳೆಯಬಹುದಾದ ಜಾಲರಿ, ಪಂಪಿನ ಕೊಳವೆಗೆ ಹೊರಗೆ ಮಾತ್ರ ತೆರೆಯುವ ರಬ್ಬರ್ ಮುಚ್ಚಳ ಹಾಕಿ. ಪ್ರತಿ ಭೇಟಿಯಲ್ಲಿ ಒಂದು ಬಕೆಟ್ ನೀರು ಸುರಿದು ಪಂಪು ಹೊರಹಾಕುತ್ತದೆಯೇ ಎಂದು ಕಣ್ಣಾರೆ ನೋಡಿ.

10. ಬಿರಡೆಗೆ ಕೆಂಪು ಪಟ್ಟಿ ಕಟ್ಟಿ

ಪುಟ್ಟ ರಂಧ್ರಕ್ಕೆ ಮೆತ್ತಿದ ಮಣ್ಣು ಏನು ಮಾಡಬಲ್ಲದು ಎಂಬುದನ್ನು ವಿಮಾನ ಲೋಕ ಕಹಿಯಾಗಿ ಕಲಿತಿದೆ. 1996ರ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದ ಪುಯೆರ್ಟೊ ಪ್ಲಾಟಾದಿಂದ ಹೊರಟ ಬಿರ್ಗೆನ್ ಏರ್ ವಿಮಾನ ಸಮುದ್ರಕ್ಕೆ ಬಿದ್ದು 189 ಮಂದಿ ಸತ್ತರು. ವಾರಗಟ್ಟಲೆ ನಿಂತಿದ್ದ ಆ ವಿಮಾನದ ವೇಗ ಅಳೆಯುವ ಕೊಳವೆಯೊಂದು ಕಟ್ಟಿಹೋಗಿತ್ತು. ಮಣ್ಣಿನ ಕಣಜದ ಗೂಡೇ ಕಾರಣವಿರಬೇಕೆಂದು ತನಿಖೆಗಾರರು ಶಂಕಿಸಿದರು. 2013ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ವಿಮಾನವೊಂದು ನೆಲದ ಮೇಲಿದ್ದ ಸುಮಾರು ಎರಡು ಗಂಟೆಯಲ್ಲೇ ಕಣಜ ಅಂಥದೇ ಕೊಳವೆಗೆ ಮಣ್ಣು ತುಂಬಿತ್ತು. ಹಾರಿದ ವಿಮಾನ ಹಿಂತಿರುಗಿ ಇಳಿಯಬೇಕಾಯಿತು.

ವಿಮಾನಗಳು ನಿಂತಾಗ ಆ ಕೊಳವೆಗೆ ಕೆಂಪು ಪಟ್ಟಿ ತೂಗುವ ಗವಸು ತೊಡಿಸುತ್ತಾರೆ. ತೆಗೆಯಲು ಮರೆತರೆ ಕಣ್ಣಿಗೆ ಹೊಡೆಯಬೇಕೆಂದೇ ಆ ಪಟ್ಟಿ. ದೋಣಿಗೂ ಅದನ್ನೇ ಅನುಸರಿಸಿ. ದಡದ ಮೇಲೆ ನಿಂತ ದೋಣಿಯ ಎಂಜಿನ್ ಹೊಗೆಕೊಳವೆಗೆ ಹಾಕಿದ ಪ್ರತಿ ಬಿರಡೆಗೂ ಒಂದು ಗೇಣು ಕೆಂಪು ಬಟ್ಟೆ ಕಟ್ಟಿ. ಎಷ್ಟು ಬಿರಡೆ, ಎಲ್ಲೆಲ್ಲಿ ಎಂಬ ಪಟ್ಟಿಯನ್ನು ಎಂಜಿನ್ ಕೀಲಿಕೈಗೆ ಸಿಕ್ಕಿಸಿಡಿ. ಪಟ್ಟಿಯಲ್ಲಿ ಗುರುತು ಬೀಳದೆ ಕೀಲಿ ತಿರುಗಿಸಬಾರದು.

11. ಔಟ್‌ಬೋರ್ಡ್ ಎಂಜಿನ್ನಿನ ಸಣ್ಣ ತೂತು ಪರೀಕ್ಷಿಸಿ

ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ ಓಡುವಾಗ ಪಕ್ಕದ ಸಣ್ಣ ತೂತಿನಿಂದ ತೆಳುವಾಗಿ ನೀರು ಚಿಮ್ಮುತ್ತದೆ. ಎಂಜಿನ್ ತಣಿಸುವ ನೀರು ಸರಿಯಾಗಿ ಹರಿಯುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಪೆನ್ಸಿಲ್ ಗಾತ್ರದ ಆ ತೂತು ಮಣ್ಣಿನ ಗೂಡಿಗೆ ಸರಿಯಾದ ಅಳತೆ. ನೀರು ಚಿಮ್ಮದಿದ್ದರೆ ಪಂಪು ಕೆಟ್ಟಿತೆಂದು ಎಂಜಿನ್ ಬಿಚ್ಚಿಸಲು ಓಡುವ ಮುನ್ನ ಎಂಜಿನ್ ನಿಲ್ಲಿಸಿ, ದಪ್ಪ ಗಾಳದ ದಾರವನ್ನು ಮೆತ್ತಗೆ ತೂರಿಸಿ ನೋಡಿ. ಒಣಮಣ್ಣು, ಜೊತೆಗೆ ಸುರುಟಿದ ಜೇಡಗಳು ಉದುರಿದರೆ ಕಳ್ಳ ಸಿಕ್ಕಿದಂತೆ. ಆಮೇಲೂ ನೀರು ಬಾರದಿದ್ದರೆ ಮಾತ್ರ ಮೆಕ್ಯಾನಿಕ್ ಬಳಿ ಹೋಗಿ. ಎಂಜಿನ್ ಇಡುವಾಗ ಮೇಲೆ ಬಟ್ಟೆಯ ಚೀಲ ತೊಡಿಸಿ ಕೆಳಗೆ ಕಟ್ಟುವುದು ರೂಢಿಯಾಗಲಿ.

12. ಗೂಡಿನ ಸಾಮಗ್ರಿ ದೋಣಿಯಲ್ಲೇ ಸಿಗದಂತೆ ಮಾಡಿ

ಮಣ್ಣಿನ ಕಣಜಗಳಲ್ಲಿ ಹಲವು ಜೇಡ ಹಿಡಿದು, ಕುಟುಕಿ ಮರಗಟ್ಟಿಸಿ, ಮರಿಗೆ ಆಹಾರವಾಗಿ ಗೂಡಿನೊಳಗೆ ತುಂಬುತ್ತವೆ. ದೋಣಿಯ ತುಂಬ ಜೇಡರಬಲೆ ಇದ್ದರೆ ಕಣಜವನ್ನು ಊಟಕ್ಕೆ ಕರೆದಂತೆ. ವಾರದ ಭೇಟಿಯಲ್ಲಿ ಪೊರಕೆಯಿಂದ ಬಲೆ ಗುಡಿಸಿ.

ಕಾಗದದ ಕಣಜ ಗೂಡಿಗೆ ಬಳಸುವುದು ಮರದ ನಾರು. ಬಿಸಿಲಿಗೆ ಬೂದುಬಣ್ಣಕ್ಕೆ ತಿರುಗಿದ, ಎಣ್ಣೆ ಕಾಣದ ತೇಗದ ಅಂಚುಗಳನ್ನು ದವಡೆಯಿಂದ ಕೆರೆದು, ಜೊಲ್ಲು ಬೆರೆಸಿ ಹಚ್ಚುತ್ತದೆ. ತೇಗಕ್ಕೆ ಕಾಲಕಾಲಕ್ಕೆ ಎಣ್ಣೆಯೋ ವಾರ್ನಿಷೋ ಬಳಿಯಿರಿ, ಮರವೂ ಬಾಳುತ್ತದೆ. ಹೊದಿಕೆಯ ಗುಂಡಿಯಲ್ಲಿ, ಬಕೆಟ್ಟಿನಲ್ಲಿ ನಿಂತ ಮಳೆನೀರು ಚೆಲ್ಲಿ. ಎರಡೂ ಬಗೆಯ ಕಣಜಕ್ಕೆ ಸಿಹಿನೀರು ಬೇಕು. ಚೆಲ್ಲಿದ ಶರಬತ್ತು, ಮಾವಿನ ಸಿಪ್ಪೆ ಡೆಕ್ಕಿನ ಮೇಲೆ ಉಳಿಯದಿರಲಿ.

13. ವಿಷದ ಸ್ಪ್ರೇ, ಪೆಟ್ರೋಲು, ಪಂಜು ಮೂರೂ ಬೇಡ

ಅಂಗಡಿಯಲ್ಲಿ ಸಿಗುವ ಹುಳು ಕೊಲ್ಲುವ ಸ್ಪ್ರೇಗಳಲ್ಲಿ ಹೆಚ್ಚಾಗಿ ಇರುವುದು ಪೈರೆಥ್ರಾಯ್ಡ್ ಜಾತಿಯ ವಿಷ. ಮೀನಿಗೆ ಅದು ಘೋರ. ಡೆಕ್ಕಿಗೆ ಹೊಡೆದದ್ದು ಮೊದಲ ಮಳೆಗೆ ನೀರಿಗಿಳಿಯುತ್ತದೆ. ಡಬ್ಬಿಯೊಳಗಿನ ದ್ರಾವಕ ಕಿಟಕಿಯ ಅಕ್ರಿಲಿಕ್ ಗಾಜಿಗೆ ಬಿರುಕು ಬಿಡಿಸಬಹುದು, ಹಾಯಿಬಟ್ಟೆಗೆ ಕಲೆ ಹಿಡಿಸಬಹುದು. ಮುಚ್ಚಿದ ಕ್ಯಾಬಿನ್ನಿನಲ್ಲಿ ಆ ಆವಿಗೆ ಬೆಂಕಿ ಹತ್ತಲು ಒಂದು ಸ್ವಿಚ್ಚಿನ ಕಿಡಿ ಸಾಕು. ಪೆಟ್ರೋಲು ಸುರಿಯುವುದು, ಪಂಜು ಹಿಡಿಯುವುದು ಫೈಬರ್ ದೋಣಿಯನ್ನೇ ಸುಡುವ ದಾರಿ.

ಲವಂಗದ ಎಣ್ಣೆ, ಮಜ್ಜಿಗೆಹುಲ್ಲಿನ ಎಣ್ಣೆಯ ವಾಸನೆ ಕಣಜವನ್ನು ಕೊಂಚ ದೂರವಿಡುತ್ತದೆ ನಿಜ. ಆದರೆ ಕಡಲಗಾಳಿಗೆ ಬೇಗ ಹಾರಿಹೋಗುತ್ತದೆ. ಬಟ್ಟೆ ತುಂಡಿಗೆ ಹಾಕಿ ಲಾಕರಿನೊಳಗಿಟ್ಟು ಆಗಾಗ ಬದಲಿಸಿ, ಹಾಯಿಗೆ ತಾಗಿಸಬೇಡಿ. ಹುಸಿ ಗೂಡು ತೂಗುಹಾಕಿದರೆ ಕಣಜ ಬಾರದೆಂಬ ಮಾತನ್ನು ನಂಬಿ ಗಂಡಿ ತೆರೆದಿಡಬೇಡಿ. ಅಕ್ಕಪಕ್ಕದಲ್ಲೇ ಗೂಡು ಕಟ್ಟುವ ಕಣಜಗಳು ಎಷ್ಟೋ ಇವೆ.

14. ಎಳೆಯ ಗೂಡನ್ನು ಕ್ರಮವರಿತು ತೆಗೆಯಿರಿ, ಬಲಿತದ್ದನ್ನು ನುರಿತವರಿಗೆ ಬಿಡಿ

ಗೂಡು ನಾಣ್ಯದಷ್ಟಿದ್ದು, ಒಂದೆರಡು ಹುಳುವಷ್ಟೇ ಇದ್ದು, ಪೂರ್ತಿ ಕಣ್ಣಿಗೆ ಕಾಣುತ್ತಿದ್ದರೆ ನೀವೇ ತೆಗೆಯಬಹುದು. ಹೀಗೆ ಮಾಡಿ:

• ಕುಟುಕಿದರೆ ಮೈ ಊದುವ, ಉಸಿರು ಕಟ್ಟುವ ಅಲರ್ಜಿ ಇರುವವರು ಈ ಕೆಲಸಕ್ಕೆ ಕೈ ಹಾಕಲೇಬಾರದು.

• ಸೂರ್ಯ ಮುಳುಗಿ ಕತ್ತಲಾದ ಮೇಲೆ ಹೋಗಿ. ಆಗ ಹುಳುಗಳು ಗೂಡಿನ ಮೇಲೇ ಇರುತ್ತವೆ, ಕತ್ತಲಲ್ಲಿ ಹಾರಲು ಹಿಂಜರಿಯುತ್ತವೆ.

• ತುಂಬುತೋಳಿನ ದಪ್ಪ ಅಂಗಿ, ಪ್ಯಾಂಟು, ಬೂಟು, ಕೈಗವಸು, ಮುಖಕ್ಕೆ ಪರದೆ ಇರಲಿ. ಜೊತೆಗೊಬ್ಬರು ಇರಲಿ.

• ಬಿಳಿ ಟಾರ್ಚಿನ ಬೆಳಕಿನತ್ತ ಹುಳು ನುಗ್ಗುತ್ತದೆ. ಕೆಂಪು ಬೆಳಕು ಅವಕ್ಕೆ ಸರಿಯಾಗಿ ಕಾಣದು. ರಾತ್ರಿ ಪಯಣಕ್ಕೆಂದು ದೋಣಿಯವರು ಇಟ್ಟುಕೊಳ್ಳುವ ಕೆಂಪು ಹೆಡ್‌ಲ್ಯಾಂಪ್ ಇಲ್ಲಿ ಉಪಯೋಗಕ್ಕೆ ಬರುತ್ತದೆ.

• ಒಂದು ಲೀಟರ್ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ಸಾಬೂನು ದ್ರವ ಬೆರೆಸಿ, ಕೈಪಂಪಿನ ಸ್ಪ್ರೇಯಿಂದ ಗೂಡು ತೊಯ್ಯುವಂತೆ ಹೊಡೆಯಿರಿ. ಸಾಬೂನು ನೀರು ಹುಳುವಿನ ಉಸಿರಾಟದ ರಂಧ್ರಗಳಿಗೆ ಇಳಿದು ಅದನ್ನು ಕೆಡವುತ್ತದೆ.

• ಉದ್ದ ಹಿಡಿಯ ಕೆರೆಯುವ ಸಲಕರಣೆಯಿಂದ ಗೂಡನ್ನು ಕೆಡವಿ ಸಾಬೂನು ನೀರಿನ ಬಕೆಟ್ಟಿಗೆ ಹಾಕಿ.

• ಮರುದಿನ ತೊಟ್ಟಿನ ಬುಡ ಸಹಿತ ಕೆರೆದು, ಉಜ್ಜಿ ತೊಳೆಯಿರಿ. ಒಮ್ಮೆ ಒಗ್ಗಿದ ಜಾಗಕ್ಕೆ ಕಣಜ ಮತ್ತೆ ಬರುವುದುಂಟು. ಹಳೆಯ ಮಣ್ಣಿನ ಗೂಡುಗಳಲ್ಲಿ ಬೇರೆ ಹುಳುಗಳು ಬಿಡಾರ ಹೂಡುತ್ತವೆ.

ಗೂಡು ಅಂಗೈಯಷ್ಟು ಬೆಳೆದಿದ್ದರೆ, ಬೂಮಿನೊಳಗೆ ಕಾಣದಂತಿದ್ದರೆ, ಏಣಿ ಹತ್ತಿ ತೆಗೆಯಬೇಕಿದ್ದರೆ, ಅಥವಾ ಅದು ದೊಡ್ಡ ಪಟ್ಟೆ ಕಣಜದ್ದಾಗಿದ್ದರೆ ಕೈ ಹಾಕಬೇಡಿ. ದೋಣಿಗೆ ಎಚ್ಚರಿಕೆಯ ಫಲಕ ಕಟ್ಟಿ, ಅಕ್ಕಪಕ್ಕದ ದೋಣಿಯವರಿಗೆ ತಿಳಿಸಿ, ಈ ಕೆಲಸ ಬಲ್ಲವರನ್ನು ಕರೆಸಿ. ಎರಡು ದಿನ ಕಾಯುವುದರಿಂದ ಯಾರಿಗೂ ನಷ್ಟವಿಲ್ಲ.

15. ನಡುನೀರಿನಲ್ಲಿ ಕಣಜ ಎದ್ದರೆ ಏನು ಮಾಡಬೇಕೆಂದು ಮೊದಲೇ ಹೇಳಿಕೊಡಿ

ಹೊರಡುವ ಮುನ್ನ ದೋಣಿಯಲ್ಲಿರುವ ಎಲ್ಲರಿಗೂ ನಾಲ್ಕು ಮಾತು ತಿಳಿದಿರಲಿ. ಕೈ ಬೀಸಬೇಡಿ. ಹುಳುವನ್ನು ಗೂಡಿನ ಬಳಿ ಹೊಸಕಬೇಡಿ, ಕೆಲವು ಜಾತಿಗಳಲ್ಲಿ ಅದರ ವಿಷದ ವಾಸನೆಯೇ ಉಳಿದವುಗಳಿಗೆ ಕರೆಗಂಟೆ. ಹಾಯಿಯ ಹಗ್ಗ ಸಡಿಲ ಬಿಟ್ಟು ದೋಣಿಯ ವೇಗ ಇಳಿಸಿ, ಬೂಮಿನಿಂದ ದೂರ ಸರಿಯಿರಿ. ನೀರಿಗೆ ಹಾರಬೇಡಿ, ಗಾಳಿಗೆ ದೋಣಿ ನಿಮ್ಮನ್ನು ಬಿಟ್ಟು ಸಾಗಿಬಿಡಬಹುದು.

ಜೇನಿನಂತೆ ಕಣಜ ಮುಳ್ಳು ಬಿಟ್ಟು ಸಾಯುವುದಿಲ್ಲ, ಒಂದೇ ಹುಳು ಮತ್ತೆ ಮತ್ತೆ ಕುಟುಕಬಲ್ಲದು. ಕುಟುಕಿದ ಜಾಗವನ್ನು ಸಾಬೂನಿನಿಂದ ತೊಳೆದು ತಣ್ಣನೆಯ ಬಟ್ಟೆ ಒತ್ತಿ. ಬೆರಳಿಗೆ ಕುಟುಕಿದ್ದರೆ ಊದುವ ಮೊದಲೇ ಉಂಗುರ ತೆಗೆಯಿರಿ. ಉಸಿರು ಕಟ್ಟುವುದು, ತುಟಿ ನಾಲಿಗೆ ಊದುವುದು, ಮೈತುಂಬ ದದ್ದು, ತಲೆಸುತ್ತು, ವಾಂತಿ ಕಂಡರೆ ಕ್ಷಣ ತಡಮಾಡಬಾರದು. ಅಡ್ರಿನಲಿನ್ ಚುಚ್ಚುಮದ್ದೇ ಅದಕ್ಕೆ ಮದ್ದು. ಅಲರ್ಜಿಯಿರುವವರು ವೈದ್ಯರ ಸಲಹೆಯಂತೆ ಅದನ್ನು ಜೊತೆಗಿಟ್ಟುಕೊಂಡೇ ದೋಣಿ ಹತ್ತಬೇಕು. ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್‌ನಲ್ಲಿ ನೆರವು ಕೇಳಿ. ಫೋನ್ ಸಿಗುವಲ್ಲಿ ಕರಾವಳಿ ರಕ್ಷಣಾ ಪಡೆಯ 1554, ದಡದಲ್ಲಿ ಆಂಬುಲೆನ್ಸಿಗೆ 108.

ಕೊನೆಯದಾಗಿ

ಕಣಜ ನಮ್ಮ ವೈರಿಯಲ್ಲ. ತೋಟದ ಕಂಬಳಿಹುಳುಗಳನ್ನು ಹಿಡಿದು ಮರಿಗಳಿಗೆ ಉಣಿಸುವ ಅದು ರೈತನಿಗೆ ನೆರವಾಗುವ ಜೀವ. ಜೆಟ್ಟಿಯಾಚೆಯ ಮರದಲ್ಲಿ, ಜನ ಓಡಾಡದ ಗೋಡೆಯಲ್ಲಿ ಅದರ ಗೂಡಿದ್ದರೆ ಅದರ ಪಾಡಿಗೆ ಬಿಡಿ. ದೋಣಿಯಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ. ಹಾಗೆ ಜಾಗ ಕೊಡದಿರಲು ವಿಷವೂ ಬೇಡ, ದುಡ್ಡೂ ಹೆಚ್ಚು ಬೇಡ. ಒಂದಿಷ್ಟು ಜಾಲರಿ, ಫೋಮು, ಕೆಂಪು ಬಟ್ಟೆ, ವಾರಕ್ಕೆ ಹತ್ತು ನಿಮಿಷ ಸಾಕು. ಈ ಭಾನುವಾರವೇ ದೋಣಿಯ ಬಳಿ ಹೋಗಿ. ಮೊದಲು ಬೂಮಿನ ಬಾಯಿ ನೋಡಿ, ಆಮೇಲೆ ಪಂಪಿನ ಕೊಳವೆ, ಗ್ಯಾಸ್ ಲಾಕರ್, ಎಂಜಿನ್ನಿನ ತೂತು. ಇವಿಷ್ಟು ಸರಿಯಿದ್ದರೆ ನಿಶ್ಚಿಂತೆಯಿಂದ ಹಾಯಿ ಏರಿಸಿ.